ಮಗುವಿಗೂ ಬಿಪಿ ಬರುತ್ತದೆಯೇ?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಮಕ್ಕಳ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿರುವ ಈ ಶುಭ ಸಂದರ್ಭದಲ್ಲಿ ನಮ್ಮನ್ನು ಕರೆದು ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಅದಕ್ಕಾಗಿ ಮೊದಲು ಕೃತಜ್ಞತೆಗಳು. "ಮಕ್ಕಳ ಆರೋಗ್ಯದ ಬಗ್ಗೆ ಏನಾದ್ರೂ ಹೇಳಿ ಸಾರ್, ಆದ್ರೆ ಎಲ್ರೂ ಹೇಳೋದನ್ನೇ ಹೇಳ್ಬೇಡಿ" ಎಂದು ಕಾರ್ಯದರ್ಶಿಗಳು ನಗುತ್ತಲೇ ಎಚ್ಚರಿಸಿದ್ದಾರೆ. ಲಸಿಕೆ, ಸೊಪ್ಪು ತರಕಾರಿ, ಕೈ ತೊಳೆಯುವುದು, ಇವನ್ನೆಲ್ಲ ನೀವು ಕೇಳಿದ್ದೀರಿ. ಆದ್ದರಿಂದ ಇವತ್ತು ನಾವು ಹೆಚ್ಚಿನವರು ಕೇಳಿರದ ಒಂದು ವಿಷಯ ತೆಗೆದುಕೊಂಡಿದ್ದೇವೆ. ಅದು ಮಕ್ಕಳಿಗೆ ಬರುವ ಬಿಪಿ, ಅಂದರೆ ಅಧಿಕ ರಕ್ತದೊತ್ತಡ. ಅದರಲ್ಲೂ ಅದು ಏಕಾಏಕಿ ಏರಿ ಪ್ರಾಣಕ್ಕೆ ಬರುವ ಪರಿಸ್ಥಿತಿ.

"ಮಗೂಗೆ ಎಂಥಾ ಬಿಪಿ ಸಾರ್? ಅದಕ್ಕೇನು ಸಾಲವೋ ಸೋಲವೋ?" ಎಂದು ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸರಿಯಾದ ಪ್ರಶ್ನೆಯೇ. ಮಕ್ಕಳಿಗೆ ಬರುವ ತೀವ್ರವಾದ ಬಿಪಿ ಚಿಂತೆಯಿಂದ ಬರುವುದಲ್ಲ. ಹೆಚ್ಚಾಗಿ ಕಿಡ್ನಿಯಿಂದ, ಕೆಲವು ಸಲ ರಕ್ತನಾಳದಿಂದ ಬರುವಂಥದು. ದೊಡ್ಡವರಷ್ಟು ಸಾಮಾನ್ಯ ಅಲ್ಲ, ನಿಜ. ಆದರೆ ಬಂದಾಗ ಯಾರಿಗೂ ಅದರ ಅನುಮಾನವೇ ಬರುವುದಿಲ್ಲ. ಮನೆಯವರಿಗೂ ಬರುವುದಿಲ್ಲ, ಎಷ್ಟೋ ಸಲ ನಮಗೂ ಬರುವುದಿಲ್ಲ. ಇವತ್ತು ನಾವು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಇದೆ. ಅದರಿಂದಲೇ ಆರಂಭಿಸುತ್ತೇವೆ.

ಒಂದು ಮಧ್ಯಾಹ್ನ ನಡೆದದ್ದು

ಬಹಳ ವರ್ಷದ ಹಿಂದೆ ನಾವು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬನನ್ನು ಟೆಂಪೊದಲ್ಲಿ ಕರೆತಂದರು. ಮಗುವಿಗೆ ಫಿಟ್ಸ್ ಬರುತ್ತಿತ್ತು. ದಾರಿಯಲ್ಲಿ ಯಾರೋ ಕೈಗೆ ಬೀಗದ ಕೈ ಹಿಡಿಸಿದ್ದರು, ಮೂಗಿಗೆ ಈರುಳ್ಳಿ ಹಿಡಿದಿದ್ದರು. ನಾವು ಕೂಡಲೇ ಫಿಟ್ಸ್ ನಿಲ್ಲಿಸುವ ಚುಚ್ಚುಮದ್ದು ಕೊಟ್ಟೆವು, ಆಮ್ಲಜನಕ ಹಾಕಿದೆವು, ಸಕ್ಕರೆ ಅಂಶ ನೋಡಿದೆವು. ಜ್ವರವಿರಲಿಲ್ಲ. ಆದರೂ "ಮಿದುಳು ಜ್ವರ ಇರಬಹುದು" ಎಂದು ಬೆನ್ನಿನ ನೀರು ತೆಗೆಯುವ ಸಿದ್ಧತೆಗೆ ಹೊರಟೆವು.

ಬಿಪಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದೆವು. ವಾರ್ಡಿನಲ್ಲಿದ್ದ ದೊಡ್ಡವರ ಪಟ್ಟಿಯನ್ನೇ ಆ ಸಣ್ಣ ತೋಳಿಗೆ ಎರಡು ಸುತ್ತು ಸುತ್ತಿ ನೋಡಿದೆವು. 128 ತೋರಿಸಿತು. "ಅತ್ತು ಒದ್ದಾಡಿದ್ದಾನಲ್ಲ, ಅದಕ್ಕೇ ಇರಬೇಕು" ಎಂದುಕೊಂಡೆವು. ಇದರಲ್ಲಿ ಎರಡು ತಪ್ಪಿತ್ತು. ಒಂದು, ಏಳು ವರ್ಷದ ಮಗುವಿಗೆ 128 ಕೂಡ ಹೆಚ್ಚೇ. ನಾವು ದೊಡ್ಡವರ ಲೆಕ್ಕದಲ್ಲಿ ನೋಡಿದೆವು. ಇನ್ನೊಂದು, ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮಕ್ಕಳ ಪಟ್ಟಿ ಇರಲಿಲ್ಲವೇ? ಇತ್ತು. ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು.

ಅಷ್ಟರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಮಗುವಿನ ಮುಖ ನೋಡಿ, "ಯಾಕಮ್ಮ, ಇವನ ಕಣ್ಣು ಯಾವಾಗ್ಲೂ ಹಿಂಗೇ ಊದ್ಕೊಂಡಿರುತ್ತಾ?" ಎಂದು ತಾಯಿಯನ್ನು ಕೇಳಿದರು. ಆ ತಾಯಿ ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. "ಇಲ್ಲ ಕಣವ್ವ, ಒಂದು ವಾರದಿಂದ ಮೈ ಕೈ ತುಂಬ್ಕೊಂಡವ್ನೆ, ಉಣ್ಣದೇ ಇದ್ರೂ ದಪ್ಪ ಆಗವ್ನಲ್ಲ ಅಂತ ನಮ್ಮತ್ತೆ ದೃಷ್ಟಿ ತೆಗೆದ್ರು." ಉಚ್ಚೆ? ಎರಡು ದಿನದಿಂದ ಕಡಿಮೆ, ಕಾಫಿ ಡಿಕಾಕ್ಷನ್ ಬಣ್ಣ. ತಲೆನೋವು? ನೆನ್ನೆಯಿಂದ, ಎರಡು ಸಲ ವಾಂತಿ. ಪಿತ್ತ ಅಂತ ನಿಂಬೆ ಪಾನಕ ಕೊಟ್ಟಿದ್ದರು. ಕಾಲಿನ ತುಂಬ ವಾಸಿಯಾದ ಕಜ್ಜಿಯ ಕಲೆ.

ಬೀಗದ ಕೈ ಬಂತು. ಸರಿಯಾದ ಪಟ್ಟಿ ಕಟ್ಟಿ ನೋಡಿದಾಗ 170ಕ್ಕೆ 116. ಮಗು ಬಂದು ಒಂದೂವರೆ ಗಂಟೆ ಆಗಿತ್ತು. ಅದಕ್ಕೆ ಇದ್ದದ್ದು ಮಿದುಳು ಜ್ವರವಲ್ಲ, ಅಪಸ್ಮಾರವಲ್ಲ. ಕಿಡ್ನಿ ಊತದಿಂದ ಏರಿದ ಬಿಪಿ ಮಿದುಳಿಗೆ ಹೊಡೆದಿತ್ತು. ಎಚ್ಚರವಾದಾಗ ಹುಡುಗ "ಅವ್ವ, ಕತ್ಲೆ ಯಾಕೆ?" ಎಂದು ಕೇಳಿದ. ಹೊರಗೆ ಬಿಸಿಲಿತ್ತು.

ಆ ಮಗು ಉಳಿಯಿತು. ಮಾರನೆಯ ದಿನ ಸಂಜೆಗೆ ಕಣ್ಣೂ ಕಾಣಿಸಿತು. ಆದರೆ ಆ ಒಂದೂವರೆ ಗಂಟೆ ನಮ್ಮದು. ಅದನ್ನು ಯಾರ ಮೇಲೂ ಹಾಕುವಂತಿಲ್ಲ. ಅವತ್ತಿನಿಂದ ನಮ್ಮ ತಂಡದಲ್ಲಿ ಮಕ್ಕಳ ಪಟ್ಟಿಯನ್ನು ಬೀಗ ಹಾಕಿ ಇಡುವುದಿಲ್ಲ.

ನೋಡಿದರೆ ತಿಳಿಯದು, ಅಳೆದರೆ ತಿಳಿಯುತ್ತದೆ

ಇವತ್ತು ಬೆಳಿಗ್ಗೆ ನಿಮ್ಮ ಡೈರಿಯಲ್ಲಿ ಹಾಲು ಹಾಕುವುದನ್ನು ನಿಂತು ನೋಡಿದೆವು. ಎಷ್ಟೇ ನಂಬಿಕಸ್ಥರಾಗಿರಲಿ, ಡಿಗ್ರಿ ನೋಡದೆ, ಫ್ಯಾಟ್ ನೋಡದೆ ನಿಮ್ಮ ಟೆಸ್ಟರ್ ಹಾಲು ಸುರಿದುಕೊಳ್ಳುವುದಿಲ್ಲ. ಹಾಲು ಬೆಳ್ಳಗಿದೆ ಎಂದು ಫ್ಯಾಟ್ ಇದೆ ಅಂತ ಹೇಳೋಕಾಗುತ್ತದೆಯೇ? ಬಿಪಿಯೂ ಹಾಗೆಯೇ. ಮುಖ ನೋಡಿ, ನಾಡಿ ಹಿಡಿದು ಅದನ್ನು ಹೇಳಲಾಗದು.

ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ಗಾಳಿ ತುಂಬಿ ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ರೀವಾ ರೋಚ್ಚಿ ಎಂಬ ವೈದ್ಯರು ತಂದರು. ಕಿವಿಗೆ ಕೊಳವೆ ಇಟ್ಟು ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಕೇಳಿ ಹೇಳಬಹುದೆಂದು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿದರು. ನೂರು ವರ್ಷಕ್ಕೂ ಹಳೆಯದಾದ ಈ ಸುಲಭ ಪರೀಕ್ಷೆ ನಮ್ಮ ಮಕ್ಕಳಿಗೆ ಮಾತ್ರ ಇನ್ನೂ ಸರಿಯಾಗಿ ತಲುಪಿಲ್ಲ.

ದೊಡ್ಡವರಿಗೆ 120ಕ್ಕೆ 80 ಎಂದು ಎಲ್ಲರಿಗೂ ಗೊತ್ತು. ಮಕ್ಕಳ ಲೆಕ್ಕ ಬೇರೆ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದರ ಮೇಲೆ ಅದು ಹೋಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಗಂಡು ಮಕ್ಕಳಲ್ಲಿ ಮೇಲಿನ ಅಂಕಿ 5 ವರ್ಷಕ್ಕೆ 103, 7 ವರ್ಷಕ್ಕೆ 106, 10 ವರ್ಷಕ್ಕೆ 108, 12 ವರ್ಷಕ್ಕೆ 113 ಮುಟ್ಟಿದರೆ ಇನ್ನೊಮ್ಮೆ ಸರಿಯಾಗಿ ನೋಡಬೇಕು. ಹೆಣ್ಣು ಮಕ್ಕಳಿಗೂ ಹೆಚ್ಚುಕಡಿಮೆ ಅಷ್ಟೇ. 13 ದಾಟಿದರೆ ದೊಡ್ಡವರಂತೆ 120ಕ್ಕೆ 80. ಈ ಅಂಕಿ ಬಂದ ಮಾತ್ರಕ್ಕೆ ರೋಗವಿದೆ ಎಂದಲ್ಲ, ಗಾಬರಿ ಬೇಡ. "ಮತ್ತೆ ನೋಡಿ" ಎಂಬ ಸೂಚನೆ ಅಷ್ಟೆ. ಆದರೆ ಆ ವಯಸ್ಸಿಗೆ ಹೇಳಿರುವ ಮೇಲ್ಮಿತಿಗಿಂತಲೂ 30 ಅಂಕಿಯಷ್ಟು ಹೆಚ್ಚಿದ್ದರೆ, ಅಥವಾ ಹದಿವಯಸ್ಸಿನವರಲ್ಲಿ 180ಕ್ಕೆ 120 ಮೀರಿದ್ದರೆ, ಮಗು ಆಡಿಕೊಂಡಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಿಪಿ ಬೇಗ ಬೇಗ ಏರಿದರೆ ಅದಕ್ಕಿಂತ ಕಡಿಮೆ ಅಂಕಿಯಲ್ಲೇ ಫಿಟ್ಸ್ ಬರಬಹುದು ಎಂಬುದೂ ನೆನಪಿರಲಿ.

ಅಳೆಯುವಾಗ ಮಗು ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬಲ ತೋಳು ಎದೆಯ ಮಟ್ಟದಲ್ಲಿರಬೇಕು. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ 100ಕ್ಕೆ 40ರಷ್ಟಿರಬೇಕು, ಉದ್ದ ತೋಳನ್ನು ಬಹುಮಟ್ಟಿಗೆ ಪೂರ್ತಿ ಸುತ್ತಬೇಕು. ದೊಡ್ಡ ಪಟ್ಟಿ ಕಡಿಮೆ ತೋರಿಸುತ್ತದೆ, ಚಿಕ್ಕ ಪಟ್ಟಿ ಹೆಚ್ಚು ತೋರಿಸುತ್ತದೆ. ಅಂಗಡಿಯ ತಕ್ಕಡಿ ಸರಿಯಿಲ್ಲದಿದ್ದರೆ ತೂಕ ಸರಿ ಬರುವುದೇ?

ಕಜ್ಜಿಗೂ ಫಿಟ್ಸಿಗೂ ಏನು ಸಂಬಂಧ?

ಆ ಹುಡುಗನಿಗೆ ಆದದ್ದು ಏನು ಎಂದು ಬಿಡಿಸಿ ಹೇಳುತ್ತೇವೆ. ಸ್ಟ್ರೆಪ್ಟೊಕಾಕಸ್ ಎಂಬ ಒಂದು ರೋಗಾಣು ಇದೆ. ಇದು ಗಂಟಲು ನೋವನ್ನೂ ತರುತ್ತದೆ, ಕಜ್ಜಿ ಗಾಯದೊಳಗೆ ಸೇರಿ ಕೀವನ್ನೂ ತುಂಬುತ್ತದೆ. ನಮ್ಮ ದೇಹ ಅದರ ವಿರುದ್ಧ ಹೋರಾಡಿ ಗೆಲ್ಲುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಆ ಹೋರಾಟದ ಕಸ ಹೋಗಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಉರಿಯೂತ ಆಗುತ್ತದೆ. ಗಂಟಲು ನೋವಾದ ಒಂದೆರಡು ವಾರಕ್ಕೆ, ಚರ್ಮದ ಕೀವುಗಾಯವಾದ ಮೂರರಿಂದ ಆರು ವಾರಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಅಷ್ಟೊತ್ತಿಗೆ ಗಾಯ ಮಾಗಿರುತ್ತದೆ, ಮನೆಯವರು ಮರೆತಿರುತ್ತಾರೆ. ಅದಕ್ಕೇ ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಜರಡಿ ಕಟ್ಟಿಕೊಂಡರೆ ಉಪ್ಪು, ನೀರು ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ಮುಖ ಊದುತ್ತದೆ, ಬೆಳಿಗ್ಗೆ ಕಣ್ಣಿನ ಸುತ್ತ ಹೆಚ್ಚು. ಉಚ್ಚೆ ಕಡಿಮೆಯಾಗಿ ಡಿಕಾಕ್ಷನ್ ಬಣ್ಣಕ್ಕೆ, ಇಲ್ಲವೇ ಮಾಂಸ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ರಕ್ತನಾಳದೊಳಗೆ ನೀರು ತುಂಬಿ ಒತ್ತಡ ಏರುತ್ತದೆ.

ಇನ್ನು ಮಿದುಳು. ಅದಕ್ಕೆ ಹೋಗುವ ಸಣ್ಣ ರಕ್ತನಾಳಗಳಿಗೆ ಒಂದು ಜಾಣತನ ಇದೆ. ಒತ್ತಡ ಏರಿದರೆ ತಾವೇ ಬಿಗಿದುಕೊಂಡು ಒಳಗೆ ಎಷ್ಟು ಬೇಕೋ ಅಷ್ಟೇ ರಕ್ತ ಬಿಡುತ್ತವೆ. ಆದರೆ ಇದಕ್ಕೂ ಒಂದು ಮಿತಿ ಉಂಟು. ಮಿತಿ ದಾಟಿದರೆ ಆ ಬಿಗಿ ಸಡಿಲಿ, ನೀರು ಮಿದುಳಿನೊಳಗೆ ಜಿನುಗುತ್ತದೆ. ಮಿದುಳು ಊದುತ್ತದೆ. ದೃಷ್ಟಿಗೆ ಸಂಬಂಧಪಟ್ಟ ಹಿಂಭಾಗಕ್ಕೆ ಹೆಚ್ಚಾಗಿ ತಗಲುವುದರಿಂದ ಕಣ್ಣು ಮಂಜಾಗುತ್ತದೆ. 1928ರಲ್ಲಿ ಓಪನ್‌ಹೈಮರ್ ಮತ್ತು ಫಿಷ್‌ಬರ್ಗ್ ಎಂಬ ವೈದ್ಯರು ಬಿಪಿಯಿಂದ ಬರುವ ಈ ಮಿದುಳಿನ ತೊಂದರೆಗೆ ಒಂದು ಹೆಸರು ಕೊಟ್ಟು ಬೇರೆ ಮಾಡಿ ತೋರಿಸಿದರು. ಸಮಾಧಾನದ ಸಂಗತಿ ಎಂದರೆ ಬೇಗ ಹಿಡಿದರೆ ಈ ಊತ ಹೆಚ್ಚಿನ ಮಕ್ಕಳಲ್ಲಿ ಪೂರ್ತಿ ಇಳಿಯುತ್ತದೆ. ತಡವಾದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಹೃದಯ ಸೋಲಬಹುದು.

ಬೇರೆ ಕಾರಣಗಳೂ ಇವೆ. ಪದೇ ಪದೇ ಉಚ್ಚೆಯ ಸೋಂಕಾಗಿ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯುವುದು; ಹೃದಯದಿಂದ ಹೊರಡುವ ಮಹಾಧಮನಿ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರುವುದು; ಇಂಥ ಮಗುವಿಗೆ ತೋಳಿನಲ್ಲಿ ಬಿಪಿ ಹೆಚ್ಚು, ಕಾಲಿನಲ್ಲಿ ಕಡಿಮೆ, ತೊಡೆಯ ಸಂದಿನ ನಾಡಿ ದುರ್ಬಲ. ಜಪಾನಿನ ಕಣ್ಣಿನ ವೈದ್ಯ ಟಕಾಯಾಸು 1908ರಲ್ಲಿ ವಿವರಿಸಿದ, ದೊಡ್ಡ ರಕ್ತನಾಳಗಳು ಊದಿ ಕಿರಿದಾಗುವ ರೋಗವೊಂದಿದೆ. ನಮ್ಮ ದೇಶದ ಮಕ್ಕಳಲ್ಲಿ ಕಿಡ್ನಿಯ ರಕ್ತನಾಳ ಕಟ್ಟಿ ಬಿಪಿ ಏರಲು ಅದು ಮುಖ್ಯ ಕಾರಣಗಳಲ್ಲಿ ಒಂದು. ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಯಲ್ಲಿ ಗಡ್ಡೆ ಬೆಳೆಯುವುದು ಅಪರೂಪ, ಆದರೂ ಉಂಟು. ಸ್ಟೀರಾಯ್ಡ್ ಔಷಧಿ ಬಹಳ ದಿನ ತೆಗೆದುಕೊಳ್ಳುವ ಮಕ್ಕಳಲ್ಲಿಯೂ ಬಿಪಿ ಏರಬಹುದು.

ಯಾವುದನ್ನು ಕಂಡರೆ ಓಡಬೇಕು?

ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಒಂದು: ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣು, ಮುಖ ಊದಿಕೊಂಡಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ ಅಥವಾ ಅದರ ಬಣ್ಣ ಕೆಂಪಾಗಿ, ಕಂದಾಗಿ ತಿರುಗಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ, ಬಿಪಿ ನೋಡಿಸಿ, ಉಚ್ಚೆ ಪರೀಕ್ಷೆ ಮಾಡಿಸಿ. ನಾಳೆ ಸಂತೆಗೆ ಹೋಗುವಾಗ ನೋಡೋಣ ಎನ್ನಬೇಡಿ.

ಎರಡು: ಇದರ ಜೊತೆಗೆ ಅಥವಾ ಇದಿಲ್ಲದೆಯೂ ಬಿಡದ ತಲೆನೋವು, ಕಾರಣವಿಲ್ಲದ ವಾಂತಿ, ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಂಪರು, ಅಸಂಬದ್ಧ ಮಾತು, ಫಿಟ್ಸ್, ಬಾಯಿ ಸೊಟ್ಟಗಾಗುವುದು, ಮಲಗಿದರೆ ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಅದು ತುರ್ತು. 108ಕ್ಕೆ ಫೋನ್ ಮಾಡಿ.

ಮೂರು: ಹಾಲು ಕುಡಿಯುವ ಕೂಸುಗಳು ತಲೆನೋವು ಎಂದು ಹೇಳಲಾರವು. ಸುಮ್ಮನಾಗದ ಅಳು, ಹಾಲು ಕುಡಿಯುವಾಗ ಬೆವರುವುದು, ಬೇಗ ಬೇಗ ಉಸಿರಾಡುವುದು, ತೂಕ ಏರದಿರುವುದು ಇವೇ ಅವುಗಳ ಭಾಷೆ.

ಫಿಟ್ಸ್ ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಕತ್ತಿನ ಗುಂಡಿ ಬಿಚ್ಚಿ, ಸುತ್ತ ಗಾಳಿಯಾಡಲು ಬಿಡಿ. ಎಷ್ಟು ಹೊತ್ತಿಗೆ ಆರಂಭವಾಯಿತು ಎಂದು ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕಬ್ಬಿಣ, ಈರುಳ್ಳಿಯಿಂದ ಪ್ರಯೋಜನವಿಲ್ಲ. ಅದನ್ನು ಹುಡುಕುವ ಸಮಯದಲ್ಲಿ ಒಬ್ಬರು ಗಾಡಿ ಹುಡುಕಲಿ.

ಇನ್ನೊಂದು ಮಾತು. ಉಚ್ಚೆ ಕಡಿಮೆಯಾದರೆ "ಉಷ್ಣ ಆಗಿದೆ" ಎಂದು ಎಳನೀರು, ಬಾರ್ಲಿ ನೀರು ಕುಡಿಸುವುದು ನಮ್ಮ ಕಡೆ ರೂಢಿ. ಬಿಸಿಲಲ್ಲಿ ಆಡಿ ಬಂದ ಮಗುವಿಗೆ ಸರಿ. ಆದರೆ ಮುಖ ಊದಿಕೊಂಡಿರುವ ಮಗುವಿಗೆ ಇದು ಅಪಾಯ. ಮೈಯಲ್ಲಿ ಈಗಾಗಲೇ ನೀರು ಹೆಚ್ಚಾಗಿದೆ. ಜೊತೆಗೆ ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಇದನ್ನು ತಿಳಿದಿರುವುದು ನಿಮಗೆ ಅಗತ್ಯ. ಯಾಕೆಂದರೆ ಎಷ್ಟೋ ಮನೆಯವರು "ಬಂದು ಆರು ಗಂಟೆ ಆಯ್ತು, ಬಿಪಿ ಇನ್ನೂ ಇಳಿದಿಲ್ಲ, ಇವರಿಗೇನೂ ಬರಲ್ಲ" ಎಂದು ಮಗುವನ್ನು ಬಿಡಿಸಿಕೊಂಡು ಬೇರೆ ಕಡೆ ಹೊರಟುಬಿಡುತ್ತಾರೆ.

ಮೊದಲು ಉಸಿರಾಟ ನೋಡುತ್ತಾರೆ, ಫಿಟ್ಸ್ ಇದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ. ನಂತರ ಬಿಪಿ ಇಳಿಸುವ ಔಷಧಿಯನ್ನು ರಕ್ತನಾಳದ ಮೂಲಕ, ಪಂಪಿನಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಲ್ಯಾಬೆಟಲಾಲ್, ನಿಕಾರ್ಡಿಪಿನ್, ಸೋಡಿಯಂ ನೈಟ್ರೋಪ್ರಸೈಡ್ ಅಂಥವು ಆ ಔಷಧಿಗಳು. ಮಗುವಿಗೆ ಅಸ್ತಮಾ ಇದ್ದರೆ ತಪ್ಪದೆ ಹೇಳಿ. ಲ್ಯಾಬೆಟಲಾಲ್ ಅಂಥವರಿಗೆ ಆಗುವುದಿಲ್ಲ. ಕಿಡ್ನಿ ಊತ ಇದ್ದರೆ ಉಚ್ಚೆ ಹೋಗಿಸುವ ಫ್ರೂಸಮೈಡ್ ಕೊಡುತ್ತಾರೆ, ಉಪ್ಪು, ನೀರು ಕಡಿಮೆ ಮಾಡುತ್ತಾರೆ. ನಿಮಿಷ ನಿಮಿಷಕ್ಕೂ ಬಿಪಿ ನೋಡಬೇಕಾಗುವುದರಿಂದ ತೀವ್ರ ನಿಗಾ ಘಟಕದಲ್ಲಿ ಇಡುತ್ತಾರೆ.

ಈಗ ಮುಖ್ಯವಾದ ಮಾತು. ಬಿಪಿಯನ್ನು ಬೇಕೆಂದೇ ನಿಧಾನವಾಗಿ ಇಳಿಸುತ್ತಾರೆ. ಹುಡುಗನ ಲೆಕ್ಕವನ್ನೇ ತೆಗೆದುಕೊಳ್ಳಿ. 170 ಇದೆ, 110ಕ್ಕೆ ತರಬೇಕು, ಅಂದರೆ 60 ಇಳಿಯಬೇಕು. ಮೊದಲ ಎಂಟು ಗಂಟೆಯಲ್ಲಿ ಅದರ ಕಾಲುಭಾಗ, ಅಂದರೆ 15ಕ್ಕಿಂತ ಹೆಚ್ಚು ಇಳಿಸಬಾರದು. ಉಳಿದದ್ದನ್ನು ಮುಂದಿನ ಒಂದೆರಡು ದಿನದಲ್ಲಿ ಇಳಿಸಬೇಕು.

ಯಾಕೆ ಹೀಗೆ? ನಾಲೆ ನೀರು ಕಟ್ಟುವವರಿಗೆ ನಾವು ಇದನ್ನು ಹೇಳಿಕೊಡಬೇಕಾಗಿಲ್ಲ. ನಾಲೆ ತುಂಬಿ ಏರಿ ಒಡೆಯುವಂತಿದೆ ಎಂದು ತೂಬನ್ನು ಏಕಾಏಕಿ ಮುಚ್ಚಿಬಿಟ್ಟರೆ ಏನಾಗುತ್ತದೆ? ಏರಿಯೇನೋ ಉಳಿಯಿತು, ಆದರೆ ಎತ್ತರದ ಗದ್ದೆಗೆ ನೀರೇ ಹತ್ತುವುದಿಲ್ಲ, ಪೈರು ಒಣಗುತ್ತದೆ. ಹೆಚ್ಚಿನ ಒತ್ತಡಕ್ಕೆ ಬಿಗಿದುಕೊಂಡಿರುವ ಮಿದುಳಿನ ರಕ್ತನಾಳಗಳೂ ಹಾಗೆಯೇ. ಒತ್ತಡವನ್ನು ಒಮ್ಮೆಗೇ ಬೀಳಿಸಿದರೆ ಮಿದುಳಿಗೆ, ಕಣ್ಣಿನ ನರಕ್ಕೆ, ಕಿಡ್ನಿಗೆ ರಕ್ತ ಸಾಲದೆ ಹೋಗುತ್ತದೆ. ಬಿಪಿ ಇಳಿಯಿತು, ಮಗು ಕುರುಡಾಯಿತು ಎಂಬಂತಾಗಬಾರದು. ಹಿಂದೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆಯ ಕೆಳಗೆ ಹಾಕುವ ಪದ್ಧತಿ ಇತ್ತು. ಎಷ್ಟು ಇಳಿಯುತ್ತದೆ ಎಂಬ ಹಿಡಿತವೇ ಇರುವುದಿಲ್ಲವೆಂದು ಆ ಪದ್ಧತಿಯನ್ನು ಕೈಬಿಡಲಾಗಿದೆ. ಅಷ್ಟು ತಿಳಿದವರೇ ಬಿಟ್ಟ ಮೇಲೆ, ಮನೆಯಲ್ಲಿ ತಾತನ ಬಿಪಿ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವ ಸಾಹಸ ಯಾರೂ ಮಾಡಬಾರದು.

ಆ ಹುಡುಗನಂಥ ಮಕ್ಕಳಿಗೆ ಭವಿಷ್ಯ ಚೆನ್ನಾಗಿದೆ. ಊತ, ಬಿಪಿ ಕೆಲವೇ ವಾರಗಳಲ್ಲಿ ಇಳಿಯುತ್ತವೆ. ಸಿ-3 ಎಂಬ ರಕ್ತಪರೀಕ್ಷೆಯ ಅಂಶ ಆರರಿಂದ ಎಂಟು ವಾರದಲ್ಲಿ ಸರಿಹೋಗಬೇಕು. ಆಗದಿದ್ದರೆ ಬೇರೆ ಕಿಡ್ನಿ ರೋಗ ಹುಡುಕಬೇಕು. ಬರಿಗಣ್ಣಿಗೆ ಕಾಣದ ರಕ್ತಕಣಗಳು ಉಚ್ಚೆಯಲ್ಲಿ ಒಂದು ವರ್ಷದವರೆಗೂ ಇರಬಹುದು. ಆದ್ದರಿಂದ ಮಗು ಚೆನ್ನಾಗಿದೆ ಎಂದು ಮತ್ತೆ ತೋರಿಸುವುದನ್ನು ಬಿಡಬಾರದು.

ಉಳಿಯದ ಒಂದು ಮಗು

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇವೆ. ಹೇಳಲು ನಮಗೂ ಕಷ್ಟ.

ಹನ್ನೊಂದು ವರ್ಷದ ಹೆಣ್ಣು ಮಗು. ಕಿಡ್ನಿಯಲ್ಲಿ ಹಳೆಯ ಸೋಂಕಿನ ಕಲೆ ಇತ್ತು, ಬಿಪಿಗೆ ದಿನಕ್ಕೆ ಎರಡು ಹೊತ್ತು ಮಾತ್ರೆ. ತಿಂಗಳಿಗೊಮ್ಮೆ ಅಪ್ಪನ ಜೊತೆ ಬರುತ್ತಿದ್ದಳು. ಶಾಲೆಯಲ್ಲಿ ಓಟದಲ್ಲಿ ಮೊದಲು ಎಂದು ನಮಗೆ ಹೇಳಿ ಹೋಗಿದ್ದಳು. ಕಬ್ಬು ಕಡಿಯುವ ಕಾಲ ಬಂತು, ಮನೆಯವರು ದೂರದ ಊರಿಗೆ ಹೋದರು. ಮಾತ್ರೆ ಮುಗಿಯಿತು. ಮಗು ಆಡಿಕೊಂಡಿತ್ತು. "ಚೆನ್ನಾಗೇ ಅವ್ಳಲ್ಲ, ಊರಿಗೆ ಹೋದ್ಮೇಲೆ ತಕಂಡ್ರಾಯ್ತು" ಎಂದುಕೊಂಡರು. ಮೂರನೆಯ ವಾರ ರಾತ್ರಿ ಏದುಸಿರು ಬಂತು. ನಮ್ಮ ಹತ್ತಿರ ತಲುಪುವ ಹೊತ್ತಿಗೆ ಬೆಳಗಾಗಿತ್ತು, ಹೃದಯ ಸೋತಿತ್ತು. ಆ ಮಗು ಉಳಿಯಲಿಲ್ಲ.

ಆ ತಂದೆಯನ್ನು ನಾವು ದೂರುವುದಿಲ್ಲ. ಮಾತ್ರೆ ಯಾಕೆ ನಿಲ್ಲಿಸಬಾರದು ಎಂದು ನಾವು ಅವರಿಗೆ ಚೀಟಿಯಲ್ಲಿ ಬರೆದಿದ್ದೆವು. ಅವರಿಗೆ ಓದಲು ಬರುತ್ತಿರಲಿಲ್ಲ. ಕೂರಿಸಿಕೊಂಡು ಹೇಳಬೇಕಿತ್ತು. ಬೇರೆ ಊರಿಗೆ ಹೋಗುತ್ತೀರಾ, ಎಷ್ಟು ದಿನಕ್ಕೆ ಮಾತ್ರೆ ಬೇಕು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಇವತ್ತು ಇಷ್ಟು ಉದ್ದ ಮಾತಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಸಭಿಕರು ಕೇಳಿದ ಪ್ರಶ್ನೆಗಳು

"ನಮ್ಮ ಮಗೀಗೆ ಆಗಾಗ ತಲೆನೋವು ಅಂತಾಳೆ. ಅದೂ ಬಿಪಿನಾ ಡಾಕ್ಟ್ರೇ?" ಎಂದು ಒಬ್ಬ ತಾಯಿ ಕೇಳಿದರು. ಹೆಚ್ಚಿನ ಮಕ್ಕಳ ತಲೆನೋವು ಬಿಪಿಯಿಂದ ಬರುವುದಿಲ್ಲ ತಾಯಿ, ಹೆದರಬೇಡಿ. ಆದರೆ ಒಮ್ಮೆ ಅಳೆದು ನೋಡುವುದಕ್ಕೆ ಎರಡು ನಿಮಿಷ. ಮೂರು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಬಿಪಿ ನೋಡಬೇಕೆಂಬುದೇ ಒಳ್ಳೆಯ ಪದ್ಧತಿ. ದಿನ ತುಂಬದೆ ಹುಟ್ಟಿದ, ಹೃದಯ ಅಥವಾ ಕಿಡ್ನಿ ತೊಂದರೆ ಇರುವ ಮಕ್ಕಳಿಗೆ ಅದಕ್ಕೂ ಮೊದಲೇ ನೋಡಬೇಕು.

"ಕಜ್ಜಿಗೆ ಬೇವಿನ ಸೊಪ್ಪು ಹಾಕಿ ಸ್ನಾನ ಮಾಡ್ಸಿದ್ರೆ ಸಾಲ್ದಾ?" ಎಂದು ಅಜ್ಜಿಯೊಬ್ಬರು ಕೇಳಿದರು. ಸ್ನಾನ ಮಾಡಿಸಿ ಅಜ್ಜಿ, ಒಳ್ಳೆಯದೇ. ಆದರೆ ಅದರಿಂದ ತುರಿಕಜ್ಜಿಯ ಹುಳ ಸಾಯುವುದಿಲ್ಲ. ಪರ್ಮೆಥ್ರಿನ್ ಮುಲಾಮನ್ನು ವೈದ್ಯರು ಹೇಳಿದಂತೆ ರಾತ್ರಿ ಕತ್ತಿನಿಂದ ಪಾದದವರೆಗೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ವಾರದ ನಂತರ ಇನ್ನೊಮ್ಮೆ. ಮಗುವಿಗೆ ಮಾತ್ರ ಅಲ್ಲ, ಮನೆಮಂದಿಗೆಲ್ಲ ಒಂದೇ ದಿನ. ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೀವು ತುಂಬಿದ್ದರೆ ಅದಕ್ಕೆ ಬೇರೆ ಔಷಧಿ ಬೇಕು.

"ಒಂದ್ಸಲ ಮಾತ್ರೆ ಶುರು ಮಾಡಿದ್ರೆ ಸಾಯೋವರ್ಗೂ ನುಂಗ್ಬೇಕಾ?" ಎಂದು ಯುವಕರೊಬ್ಬರ ಪ್ರಶ್ನೆ. ಕಾರಣದ ಮೇಲೆ ಹೋಗುತ್ತದೆ. ಸ್ಟ್ರೆಪ್ಟೊಕಾಕಸ್ ಕಿಡ್ನಿ ಊತವಾದರೆ ಕೆಲವು ವಾರ ಸಾಕು. ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಅಗಲ ಮಾಡಿ, ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಿಡ್ನಿಯಲ್ಲಿ ಕಲೆ ಉಳಿದಿದ್ದರೆ ಬಹಳ ವರ್ಷ ಬೇಕಾಗುತ್ತದೆ. ನಿಲ್ಲಿಸುವುದೋ ಬೇಡವೋ ಎಂಬುದನ್ನು ಅಳತೆ ಹೇಳಬೇಕು, ನಾವು ನೀವು ಊಹಿಸುವುದಲ್ಲ.

ಸಂಘಕ್ಕೆ ಒಂದು ಕೋರಿಕೆ

ಬಂಧುಗಳೇ, ಇಷ್ಟೆಲ್ಲ ನೆನಪಿರದಿದ್ದರೂ ಚಿಂತೆಯಿಲ್ಲ. ಒಂದೇ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳಿ. ಮಗುವಿನ ಮುಖ ಊದಿದ್ದರೆ, ಉಚ್ಚೆ ಬಣ್ಣ ಬದಲಾಗಿದ್ದರೆ, ಫಿಟ್ಸ್ ಬಂದಿದ್ದರೆ, ಯಾವ ಆಸ್ಪತ್ರೆಗೇ ಹೋಗಿ, ಎಷ್ಟೇ ದೊಡ್ಡ ಡಾಕ್ಟರ ಮುಂದೆ ನಿಲ್ಲಿ, ಹೀಗೆ ಕೇಳಿ: "ಮಗೂ ಬಿಪಿ ನೋಡಿದ್ರಾ ಸಾರ್? ಮಕ್ಕಳ ಪಟ್ಟಿಲಿ ನೋಡಿದ್ರಾ?" ಯಾರಾದರೂ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಅವತ್ತು ಆ ತಾಯಿ ನಮ್ಮನ್ನು ಹೀಗೆ ಕೇಳಿದ್ದರೆ ಒಂದೂವರೆ ಗಂಟೆ ಉಳಿಯುತ್ತಿತ್ತು.

ಸಂಘದವರಿಗೆ ನಮ್ಮ ಕೋರಿಕೆ ಇಷ್ಟು. ಪ್ರತಿ ವರ್ಷ ಲಾಭದಲ್ಲಿ ಧರ್ಮಕಾರ್ಯಕ್ಕೆಂದು ಒಂದಿಷ್ಟು ತೆಗೆದಿಡುತ್ತೀರಿ. ಈ ಬೆಳ್ಳಿ ಹಬ್ಬದ ನೆನಪಿಗೆ ಊರಿನ ಉಪಕೇಂದ್ರಕ್ಕೆ ಮೂರು ಅಳತೆಯ ಮಕ್ಕಳ ಬಿಪಿ ಪಟ್ಟಿ ಕೊಡಿಸಿ: ಕೂಸಿಗೆ ಒಂದು, ಸಣ್ಣ ಮಕ್ಕಳಿಗೆ ಒಂದು, ಶಾಲೆ ಮಕ್ಕಳಿಗೆ ಒಂದು. ವಯಸ್ಸಿಗೆ ತಕ್ಕ ಅಂಕಿಗಳ ಪಟ್ಟಿಯನ್ನು ನಾವು ದಪ್ಪ ಅಕ್ಷರದಲ್ಲಿ ಬರೆಸಿ ಕೊಡುತ್ತೇವೆ, ಗೋಡೆಗೆ ಹಾಕಿ. ಸಿಸ್ಟರಿಗೂ ಆಶಾ ಕಾರ್ಯಕರ್ತೆಯರಿಗೂ ಒಂದು ಮಧ್ಯಾಹ್ನ ಬಂದು ಕಟ್ಟುವ ಕ್ರಮ ತೋರಿಸಿಕೊಡುತ್ತೇವೆ. ಪಟ್ಟಿಯನ್ನು ಬೀರುವಿನಲ್ಲಿ ಬೀಗ ಹಾಕಿ ಮಾತ್ರ ಇಡಬೇಡಿ.

ಅಧ್ಯಕ್ಷರು ವೇದಿಕೆಯಲ್ಲೇ ಎದ್ದು "ಕೊಡಿಸ್ತೀವಿ" ಎಂದು ಒಪ್ಪಿಕೊಂಡಿದ್ದಾರೆ. ನಿಮ್ಮೆಲ್ಲರ ಚಪ್ಪಾಳೆಯನ್ನು ನಾವು ಆ ಮಾತಿಗೆ ಸಾಕ್ಷಿ ಎಂದು ಇಟ್ಟುಕೊಳ್ಳುತ್ತೇವೆ. ಇಪ್ಪತ್ತೈದು ವರ್ಷ ಒಂದು ತೊಟ್ಟು ಹಾಲನ್ನೂ ಅಳೆಯದೆ ಬಿಡದ ಊರು ಇದು. ಈ ಊರಿನಲ್ಲಿ ಮಕ್ಕಳ ಬಿಪಿಯೂ ಅಳತೆಗೆ ಸಿಗದೆ ಹೋಗಬಾರದು.

ನಿಮ್ಮ ಸಂಘ ಇನ್ನೂ ಬೆಳೆಯಲಿ, ಸುವರ್ಣ ಮಹೋತ್ಸವ ಕಾಣಲಿ. ಅವತ್ತು ಈ ವೇದಿಕೆಯ ಮೇಲೆ ಇವತ್ತಿನ ಈ ಮಕ್ಕಳೇ ನಿರ್ದೇಶಕರಾಗಿ ಕೂತಿರಲಿ.